ಅಡ್ಡ ಬಂದ ಸವಾರನಿಗೆ ಎಷ್ಟು ದಿನ?

ರೇಸಿನ ಕುದುರೆ ಸುಮಾರು ಐನೂರು ಕಿಲೋ ತೂಗುತ್ತದೆ. ಕೊನೆಯ ಫರ್ಲಾಂಗುಗಳಲ್ಲಿ ಅದರ ವೇಗ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ಅದನ್ನು ನಡೆಸುವವನು ಐವತ್ತು ಚಿಲ್ಲರೆ ಕಿಲೋದ ಜಾಕಿ. ರಿಕಾಪಿನಲ್ಲಿ ಕಾಲೂರಿ, ಬೆನ್ನು ಬಾಗಿಸಿ, ಕುದುರೆಯ ಕತ್ತಿನ ಮೇಲೆ ಬಗ್ಗಿರುತ್ತಾನೆ. ಹತ್ತು ಹನ್ನೆರಡು ಕುದುರೆಗಳು ಒತ್ತೊತ್ತಾಗಿ ತಿರುವು ದಾಟುವಾಗ ಒಂದರ ಹಿಂಗಾಲಿಗೂ ಇನ್ನೊಂದರ ಮುಂಗಾಲಿಗೂ ನಡುವೆ ಉಳಿಯುವುದು ಕೆಲವು ಅಡಿಗಳಷ್ಟೆ. ಮುಂದಿನವನು ಪಕ್ಕಕ್ಕೆ ನೋಡದೆ ಬೇಲಿಯ ಕಡೆಗೆ ಸರಿದನೆಂದರೆ ಹಿಂದಿನವನು ಲಗಾಮು ಜಗ್ಗಿ ತನ್ನ ಕುದುರೆಯನ್ನು ತಡೆಯಬೇಕು. ತಡೆಯಲಾಗದಿದ್ದರೆ ಕಾಲಿಗೆ ಕಾಲು ತಾಗುತ್ತದೆ, ಕುದುರೆ ಮುಗ್ಗರಿಸುತ್ತದೆ, ಹಿಂದೆ ಬರುತ್ತಿರುವ ಗೊರಸುಗಳ ಅಡಿಗೆ ಸವಾರ ಬೀಳುತ್ತಾನೆ. ರೇಸಿನ ನಿಯಮಪುಸ್ತಕಗಳಲ್ಲಿ ಇದಕ್ಕೆ ‘ಕೇರ್‌ಲೆಸ್ ರೈಡಿಂಗ್’, ಅಂದರೆ ಅಜಾಗರೂಕ ಸವಾರಿ ಎಂದು ಹೆಸರು. ಶಿಕ್ಷೆ ಸಾಮಾನ್ಯವಾಗಿ ದಿನಗಳ ಲೆಕ್ಕದಲ್ಲಿ: ಎರಡು ದಿನ, ನಾಲ್ಕು ದಿನ, ಹತ್ತು ದಿನ ಸವಾರಿ ಇಲ್ಲ.

ಈ ಶಿಕ್ಷೆಯ ಪದ್ಧತಿ ನೂರು ವರ್ಷಗಳಲ್ಲಿ ಎಷ್ಟು ಸುಧಾರಿಸಿತು, ಎಲ್ಲಿ ನಿಂತುಬಿಟ್ಟಿತು ಎಂದು ಹಿಂತಿರುಗಿ ನೋಡುವ ಅಗತ್ಯವಿದೆ. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಗೆಲುವು ಯಾರಿಗೆ ಸೇರಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ರೇಸಿನ ಲೋಕ ಬಹಳ ದೂರ ಬಂದಿದೆ. ಯಾರ ಪ್ರಾಣ ಅಪಾಯಕ್ಕೆ ಸಿಕ್ಕಿತು ಎಂಬುದನ್ನು ಅಳೆಯುವುದರಲ್ಲಿ ಅಷ್ಟು ದೂರ ಬಂದಿಲ್ಲ. ಸವಾರ ತಂದೊಡ್ಡಿದ ಅಪಾಯವೇ ಶಿಕ್ಷೆಯ ಅಳತೆಗೋಲಾಗಬೇಕು. ಅದರಿಂದ ಫಲಿತಾಂಶ ಬದಲಾಯಿತೇ, ಯಾರಾದರೂ ಬಿದ್ದರೇ ಎಂಬುದು ಆಮೇಲಿನ ಪ್ರಶ್ನೆ.

ಕಣ್ಣಳತೆಯ ಕಾಲ

1913ರ ಜೂನ್ 4ರ ಎಪ್ಸಮ್ ಡರ್ಬಿ ಜಗತ್ತಿನ ನೆನಪಿನಲ್ಲಿ ಉಳಿದಿರುವುದು ಎಮಿಲಿ ಡೇವಿಸನ್ ಅವರಿಂದ. ಮಹಿಳೆಯರ ಮತದ ಹಕ್ಕಿಗಾಗಿ ಹೋರಾಡುತ್ತಿದ್ದ ಆಕೆ ಓಟದ ನಡುವೆ ಟ್ರ್ಯಾಕಿಗಿಳಿದರು. ದೊರೆಯ ಕುದುರೆ ಆನ್ಮರ್ ಬಡಿದು, ನಾಲ್ಕು ದಿನಗಳ ಬಳಿಕ ತೀರಿಕೊಂಡರು. ಅದೇ ಓಟದ ಕೊನೆಯಲ್ಲಿ ಮತ್ತೊಂದು ಘಟನೆ ನಡೆಯಿತು. ಫೇವರಿಟ್ ಆಗಿದ್ದ ಕ್ರೇಗನೂರ್ ಮತ್ತು ಒಂದಕ್ಕೆ ನೂರರ ದರದ ಅಬಾಯರ್ ಮೈಗೆ ಮೈ ತಾಗಿಸಿಕೊಂಡೇ ಗುರಿ ಮುಟ್ಟಿದವು. ಕ್ರೇಗನೂರ್ ಗೆದ್ದಿತೆಂದು ಘೋಷಣೆಯಾಯಿತು. ಆಗ ಓಟದ ತೀರ್ಪುಗಾರರಾದ ಸ್ಟೀವರ್ಡ್‌ಗಳೇ ಆಕ್ಷೇಪ ಎತ್ತಿ ವಿಚಾರಣೆ ನಡೆಸಿದರು. ಎದುರಾಳಿಗೆ ಅಡ್ಡಿಪಡಿಸಿತೆಂದು ಕ್ರೇಗನೂರನ್ನು ಅನರ್ಹಗೊಳಿಸಿ ಡರ್ಬಿಯನ್ನು ಅಬಾಯರ್‌ಗೆ ಕೊಟ್ಟರು. ಡೇವಿಸನ್ ಬಿದ್ದ ಕ್ಷಣವನ್ನು ಸುದ್ದಿಚಿತ್ರದ ಕ್ಯಾಮೆರಾಗಳು ಸೆರೆಹಿಡಿದಿದ್ದವು. ಸ್ಟೀವರ್ಡ್‌ಗಳಿಗೆ ಮಾತ್ರ ತಮ್ಮ ಕಣ್ಣು ಮತ್ತು ಸಾಕ್ಷಿಗಳ ಮಾತೇ ಆಧಾರ. ಆ ತೀರ್ಪು ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಮುಗಿದಿಲ್ಲ.

ಇಪ್ಪತ್ತು ವರ್ಷಗಳ ಬಳಿಕ, 1933ರ ಕೆಂಟಕಿ ಡರ್ಬಿಯಲ್ಲಿ, ಇದಕ್ಕೆ ತದ್ವಿರುದ್ಧವಾದ ತೀರ್ಮಾನ ಹೊರಬಿತ್ತು. ಬ್ರೋಕರ್ಸ್ ಟಿಪ್ ಮೇಲಿದ್ದ ಡಾನ್ ಮೀಡ್ ಮತ್ತು ಹೆಡ್ ಪ್ಲೇ ಮೇಲಿದ್ದ ಹರ್ಬ್ ಫಿಷರ್ ಕೊನೆಯ ನೇರ ಓಟದಲ್ಲಿ ಕೈಯಿಂದಲೇ ಒಬ್ಬರನ್ನೊಬ್ಬರು ಹಿಡಿದು ಎಳೆದಾಡಿದರು. ಆ ಹಿಡಿದಾಟದ ಒಂದು ಫೋಟೋ ರೇಸಿನ ಇತಿಹಾಸದಲ್ಲೇ ಅತಿ ಪ್ರಸಿದ್ಧವಾದವುಗಳಲ್ಲಿ ಒಂದು. ಬ್ರೋಕರ್ಸ್ ಟಿಪ್ ಮೂಗಿನಂತರದಲ್ಲಿ ಗೆದ್ದಿತು. ಆ ಫಲಿತಾಂಶ ಹಾಗೆಯೇ ಉಳಿಯಿತು. ಇಬ್ಬರು ಜಾಕಿಗಳಿಗೂ 30 ದಿನಗಳ ಅಮಾನತು. ಜಾಕಿಗಳ ಕೋಣೆಯಲ್ಲಿ ಮೀಡ್ ಮೇಲೆ ಕೈ ಮಾಡಿದ್ದಕ್ಕೆ ಫಿಷರ್‌ಗೆ ಇನ್ನೂ ಐದು ದಿನ. ಬ್ರೋಕರ್ಸ್ ಟಿಪ್ ತನ್ನ ಜೀವಮಾನದಲ್ಲಿ ಗೆದ್ದದ್ದು ಅದೊಂದೇ ರೇಸ್.

ಒಂದು ಕಡೆ ಮೈ ತಾಗಿಸಿದ್ದಕ್ಕೆ ಡರ್ಬಿಯೇ ಹೋಯಿತು. ಇನ್ನೊಂದು ಕಡೆ ಕೈಕೈ ಮಿಲಾಯಿಸಿದರೂ ಡರ್ಬಿ ಉಳಿಯಿತು. ಅಂದಿನ ಆಡಳಿತಗಾರರು ಅಪ್ರಾಮಾಣಿಕರಾಗಿದ್ದರೆಂದು ನಾವು ಹೇಳುತ್ತಿಲ್ಲ. ಅವರ ಬಳಿ ನೋಡುವ ಸಾಧನವಿರಲಿಲ್ಲ, ಅಳೆಯುವ ಕ್ರಮವೂ ಇರಲಿಲ್ಲ. ಯಾವುದು ಕುದುರೆಯ ತಪ್ಪು, ಯಾವುದು ಸವಾರನ ತಪ್ಪು ಎಂಬ ಗೆರೆ ಇನ್ನೂ ಮೂಡಿರಲಿಲ್ಲ.

ಕ್ಯಾಮೆರಾ ತಂದ ನ್ಯಾಯ

ಆ ಗೆರೆ ಮೂಡಿದ್ದು ಕ್ಯಾಮೆರಾದಿಂದ. ಅಮೆರಿಕದ ಟ್ರ್ಯಾಕುಗಳಲ್ಲಿ 1940ರ ದಶಕದಲ್ಲಿ ಕಾಲಿಟ್ಟ ‘ಪ್ಯಾಟ್ರೋಲ್ ಫಿಲ್ಮ್’, ಅಂದರೆ ಓಟದ ಮೇಲೆ ಕಣ್ಣಿಡುವ ಚಿತ್ರೀಕರಣ, ಬ್ರಿಟನ್ನಿಗೆ 1960ರಲ್ಲಿ ಬಂತು. ಪಕ್ಕದಿಂದ ತೆಗೆದ ಚಿತ್ರ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ತೋರಿಸುತ್ತದೆ. ಎದುರಿನಿಂದ ತೆಗೆದ ಚಿತ್ರ ಇನ್ನೂ ಮುಖ್ಯವಾದುದನ್ನು ತೋರಿಸುತ್ತದೆ: ಯಾವ ಕುದುರೆ ತನ್ನ ಸಾಲು ಬಿಟ್ಟು ಎಷ್ಟು ಸರಿಯಿತು, ಸರಿಯುವಾಗ ಸವಾರ ಏನು ಮಾಡುತ್ತಿದ್ದ.

ಇಲ್ಲಿ ಸವಾರಿಯ ಒಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ದಣಿದ ಕುದುರೆ ನೇರವಾಗಿ ಓಡುವುದಿಲ್ಲ; ಒಳಕ್ಕೋ ಹೊರಕ್ಕೋ ವಾಲುತ್ತದೆ. ಬಲಗೈಯ ಚಾವಟಿ ಬಿದ್ದರೆ ಎಡಕ್ಕೆ, ಎಡಗೈಯದು ಬಿದ್ದರೆ ಬಲಕ್ಕೆ ತಪ್ಪಿಸಿಕೊಳ್ಳಲು ನೋಡುತ್ತದೆ. ಆದ್ದರಿಂದ ಕುದುರೆ ವಾಲಿತು ಎಂಬುದಷ್ಟೇ ಅಪರಾಧವಲ್ಲ. ವಾಲತೊಡಗಿದಾಗ ಸವಾರ ಚಾವಟಿ ಇಳಿಸಿದನೇ, ಅಥವಾ ಕೈ ಬದಲಿಸಿದನೇ, ಲಗಾಮಿನಿಂದ ತಿದ್ದಿದನೇ, ಇಲ್ಲವೇ ಗೆಲ್ಲುವ ಆತುರದಲ್ಲಿ ಅದೇ ಕೈಯಿಂದ ಹೊಡೆಯುತ್ತಲೇ ಹೋದನೇ? ಅಪರಾಧವಿರುವುದು ಇಲ್ಲಿ. ಸಂದು ಕಂಡಲ್ಲಿ ನುಗ್ಗುವುದೂ ಹೀಗೆಯೇ. ಪಕ್ಕದವನನ್ನು ಪೂರ್ತಿ ದಾಟಿದ ಮೇಲೆ ಅವನ ಮುಂದೆ ಬರಬಹುದು. ದಾಟುವ ಮುನ್ನವೇ ಬಂದರೆ ಅವನ ದಾರಿಯನ್ನು ಕಸಿದಂತೆ. ಕ್ಯಾಮೆರಾ ಈ ಭೇದಗಳನ್ನೆಲ್ಲ ಕಣ್ಣಿಗೆ ಕಾಣುವಂತೆ ಮಾಡಿತು. ಕಳೆದ ಶತಮಾನದ ಸಾಧನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಆದರೆ ಚೆನ್ನಾಗಿ ಕಂಡ ಮಾತ್ರಕ್ಕೆ ತೀರ್ಪು ಹದಕ್ಕೆ ಬರಲಿಲ್ಲ. 1980ರ ಬ್ರಿಟನ್ನಿನ 2000 ಗಿನೀಸ್‌ನಲ್ಲಿ ಮೊದಲು ಗುರಿ ಮುಟ್ಟಿದ ನುರೆಯೆವ್ ಅನರ್ಹಗೊಂಡು ಕೊನೆಯ ಸ್ಥಾನಕ್ಕಿಳಿಯಿತು. 1988ರ ಆಸ್ಕಟ್ ಗೋಲ್ಡ್ ಕಪ್‌ನಲ್ಲಿ ರಾಯಲ್ ಗೈಟ್ ಐದು ಲೆಂಗ್ತ್‌ಗಳಿಂದ (ಲೆಂಗ್ತ್ ಎಂದರೆ ಒಂದು ಕುದುರೆಯ ಉದ್ದ) ಗೆದ್ದೂ ಸೋತಿತು. ದಣಿದು ಹಿಂದೆ ಬೀಳುತ್ತಿದ್ದ ಎಲ್ ಕಾಂಕ್ವಿಸ್ಟಡೋರ್‌ಗೆ ಅದು ತಾಗಿತ್ತು; ಆ ಕುದುರೆಯ ಸವಾರ ಕೆಳಗೆ ಬಿದ್ದಿದ್ದ. ಪ್ರಶಸ್ತಿ ಸಾದೀಮ್‌ಗೆ ಹೋಯಿತು. 1991ರ ಶರತ್ಕಾಲದ ತೆನ್ನೊ ಶೋನಲ್ಲಿ ಜಪಾನಿನ ಮಹಾನ್ ಜಾಕಿ ಯುತಾಕಾ ತಾಕೆ ಸವಾರಿ ಮಾಡಿದ ಮೆಜಿರೊ ಮೆಕ್ವೀನ್ ಆರು ಲೆಂಗ್ತ್‌ಗಳಿಂದ ಮೊದಲು ಬಂತು. ಎರಡನೇ ತಿರುವಿನಲ್ಲಿ ಇತರರಿಗೆ ಅಡ್ಡಿಯಾದ ಕಾರಣಕ್ಕೆ ಅದನ್ನು 18ನೇ, ಅಂದರೆ ಕಟ್ಟಕಡೆಯ ಸ್ಥಾನಕ್ಕೆ ಇಳಿಸಲಾಯಿತು.

ಈ ಪ್ರಕರಣಗಳಲ್ಲಿ ಸವಾರನ ತಪ್ಪಿಗೆ ಕುದುರೆ, ಮಾಲೀಕ, ತರಬೇತುದಾರ, ಕುದುರೆಯನ್ನು ಸಾಕಿದ ಲಾಯದ ಆಳುಗಳು ಎಲ್ಲರೂ ದಂಡ ತೆತ್ತರು. ಅತ್ಯುತ್ತಮ ಕುದುರೆಗೆ ಗೆಲುವು ಸಿಗಲಿಲ್ಲ ಎಂಬ ಅಸಮಾಧಾನ ದೇಶದಿಂದ ದೇಶಕ್ಕೆ ಬೆಳೆಯಿತು.

ಎರಡು ತತ್ವಗಳು, ಒಂದು ಕೊರತೆ

ಈ ಅಸಮಾಧಾನಕ್ಕೆ ಸಿಕ್ಕ ಉತ್ತರವನ್ನು ಅಂತರರಾಷ್ಟ್ರೀಯ ರೇಸಿಂಗ್ ಒಕ್ಕೂಟ ‘ಒಂದನೇ ವರ್ಗ’ ಎನ್ನುತ್ತದೆ. ಅದರ ಪ್ರಕಾರ ಸ್ಟೀವರ್ಡ್‌ಗಳು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಅಡ್ಡಿಯಾಗದಿದ್ದರೆ ತೊಂದರೆಗೊಳಗಾದ ಕುದುರೆ, ತೊಂದರೆ ಕೊಟ್ಟ ಕುದುರೆಗಿಂತ ಮುಂದೆ ಬರುತ್ತಿತ್ತೇ? ಹೌದಾದರೆ ಸ್ಥಾನ ಬದಲು, ಇಲ್ಲವಾದರೆ ಫಲಿತಾಂಶ ಹಾಗೆಯೇ ಉಳಿಯುತ್ತದೆ. ಸವಾರನ ಶಿಕ್ಷೆ ಬೇರೆ ವಿಚಾರ. ‘ಎರಡನೇ ವರ್ಗ’ದಲ್ಲಿ, ಅಡ್ಡಿಪಡಿಸಿದ್ದು ಎದುರಾಳಿಯ ಅವಕಾಶಕ್ಕೆ ಧಕ್ಕೆ ತಂದಿದ್ದರೆ ಸಾಕು, ಅಡ್ಡ ಬಂದ ಕುದುರೆ ಅದರ ಹಿಂದಕ್ಕೆ ಹೋಗಬೇಕು. ಜಪಾನ್ 2013ರಲ್ಲಿ, ಫ್ರಾನ್ಸ್ ಮತ್ತು ಜರ್ಮನಿ 2018ರಲ್ಲಿ ಒಂದನೇ ವರ್ಗಕ್ಕೆ ಬಂದವು. ಅಮೆರಿಕದ ಬಹುತೇಕ ಕಡೆ ಎರಡನೆಯದೇ ಉಳಿಯಿತು.

ಅದರ ಫಲ 2019ರ ಮೇ 4ರಂದು ಲಕ್ಷಾಂತರ ಜನರ ಕಣ್ಣೆದುರು ಕಂಡಿತು. ಕೆಂಟಕಿ ಡರ್ಬಿಯಲ್ಲಿ ಮೊದಲು ಬಂದ ಮ್ಯಾಕ್ಸಿಮಮ್ ಸೆಕ್ಯುರಿಟಿ ಕೊನೆಯ ತಿರುವಿನಲ್ಲಿ ಹೊರಕ್ಕೆ ಸರಿದು ವಾರ್ ಆಫ್ ವಿಲ್ ಮತ್ತಿತರ ಕುದುರೆಗಳ ದಾರಿಗೆ ಬಂದಿತ್ತು. ಸುಮಾರು 22 ನಿಮಿಷ ಚಿತ್ರಗಳನ್ನು ನೋಡಿದ ಸ್ಟೀವರ್ಡ್‌ಗಳು ಅದನ್ನು 17ನೇ ಸ್ಥಾನಕ್ಕೆ ಇಳಿಸಿ, ಒಂದಕ್ಕೆ 65ರ ದರದ ಕಂಟ್ರಿ ಹೌಸ್‌ಗೆ ಡರ್ಬಿ ಕೊಟ್ಟರು. ಓಟದಲ್ಲಿ ಮಾಡಿದ ತಪ್ಪಿಗೆ ಗೆದ್ದ ಕುದುರೆ ಅನರ್ಹಗೊಂಡದ್ದು ಆ ಡರ್ಬಿಯ ಇತಿಹಾಸದಲ್ಲೇ ಮೊದಲು. ಜಾಕಿ ಲೂಯಿಸ್ ಸಾಯೆಜ್‌ಗೆ 15 ದಿನಗಳ ಅಮಾನತು. ಮಾಲೀಕರು ಫೆಡರಲ್ ನ್ಯಾಯಾಲಯದವರೆಗೆ ಹೋದರೂ ತೀರ್ಪು ಬದಲಾಗಲಿಲ್ಲ.

ಯಾವ ತತ್ವ ಮೇಲು ಎಂಬ ಚರ್ಚೆಯಲ್ಲಿ ಎರಡು ಕಡೆಗೂ ನ್ಯಾಯವಿದೆ. ಒಂದನೇ ವರ್ಗ ಕುದುರೆಯ ಅರ್ಹತೆಗೆ ಬೆಲೆ ಕೊಡುತ್ತದೆ. ದೇಶದೇಶಗಳ ನಡುವೆ ಸಮಾನತೆ ತರುತ್ತದೆ. ಆದರೆ ಅದರೊಳಗೆ ಒಂದು ಕೊರತೆ ಅಡಗಿದೆ. ಅಡ್ಡ ಬಂದರೂ ಗೆಲುವು ಉಳಿಯುತ್ತದೆ ಎಂದು ಸವಾರನಿಗೆ ಗೊತ್ತು. ಬಹುಮಾನದಲ್ಲಿ ಅವನ ಪಾಲು ಉಳಿಯುತ್ತದೆ, ಮಾಲೀಕನ ಮೆಚ್ಚುಗೆಯೂ ಉಳಿಯುತ್ತದೆ. ತೆರಬೇಕಾದದ್ದು ನಾಲ್ಕಾರು ದಿನಗಳ ರಜೆ ಮಾತ್ರ. ದೊಡ್ಡ ರೇಸಿನಲ್ಲಿ ಆ ಬೆಲೆ ತೆತ್ತರೂ ಲಾಭವೇ ಎಂದು ಅವನಿಗೆ ಅನ್ನಿಸಿದರೆ ನಿಯಮವೇ ಅಪಾಯಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ. ಕುದುರೆಗೆ ರಿಯಾಯಿತಿ ಕೊಟ್ಟ ಮೇಲೆ ಸವಾರನ ಶಿಕ್ಷೆಯನ್ನು ಅದೇ ಪ್ರಮಾಣದಲ್ಲಿ ಬಿಗಿಗೊಳಿಸಬೇಕಿತ್ತು. ಈ ಎರಡನೇ ಅರ್ಧ ಎಲ್ಲ ಕಡೆಯೂ ಪೂರ್ಣವಾಗಿ ನಡೆಯಲಿಲ್ಲ.

ದಿನಗಳ ಬೆಲೆ

‘ಹತ್ತು ದಿನ’ ಎಂಬ ಶಿಕ್ಷೆಯ ತೂಕ ಎಲ್ಲೆಡೆ ಒಂದೇ ಅಲ್ಲ. ವರ್ಷವಿಡೀ ಹೆಚ್ಚುಕಡಿಮೆ ದಿನವೂ ರೇಸು ನಡೆಯುವ ಬ್ರಿಟನ್ನಿನಲ್ಲಿ ಒಂದು ದಿನದ ಬೆಲೆ ಬೇರೆ. ವಾರಕ್ಕೆ ಎರಡು ದಿನ ನಡೆಯುವ ಹಾಂಗ್‌ಕಾಂಗ್‌ನಲ್ಲಿ ಬೇರೆ. ಹಾಂಗ್‌ಕಾಂಗ್ ಇದನ್ನರಿತು ಅಮಾನತಿನ ಜೊತೆಗೆ ದಂಡವನ್ನೂ ಹಾಕುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ ಶಿಕ್ಷೆಗೆ ಒಂದು ಕೋಷ್ಟಕವನ್ನೇ ಮಾಡಿಕೊಂಡಿತು. ಅಜಾಗರೂಕತೆಯ ಮಟ್ಟ ಕಡಿಮೆಯೇ, ಮಧ್ಯಮವೇ, ಹೆಚ್ಚೇ, ಅದರ ಪರಿಣಾಮ ಏನು, ಸವಾರನ ಹಿಂದಿನ ದಾಖಲೆ ಹೇಗಿದೆ, ತಪ್ಪೊಪ್ಪಿಕೊಂಡನೇ, ರೇಸ್ ಎಷ್ಟು ದೊಡ್ಡದು ಎಂಬುದನ್ನೆಲ್ಲ ಕೂಡಿ ಕಳೆದು ದಿನಗಳನ್ನು ನಿಗದಿಪಡಿಸುವ ಕ್ರಮ ಅದು. ಯಾವ ಸ್ಟೀವರ್ಡ್ ಕುಳಿತಿದ್ದಾನೆ ಎಂಬುದರ ಮೇಲೆ ಶಿಕ್ಷೆ ಏರಿಳಿಯಬಾರದು ಎಂಬ ವಿವೇಕ ಇದರಲ್ಲಿದೆ. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ.

ಹೆಸರಾಂತರನ್ನೂ ಶಿಕ್ಷಿಸುವ ಧೈರ್ಯ ಬೆಳೆದಿದೆ. 2015ರ ಮೆಲ್ಬರ್ನ್ ಕಪ್‌ನಲ್ಲಿ ಮಿಶೆಲ್ ಪೇನ್ ಗೆದ್ದು ಆ ಕಪ್ ಗೆದ್ದ ಮೊದಲ ಮಹಿಳಾ ಜಾಕಿಯಾದರು. ಎರಡನೆಯವರಾಗಿ ಬಂದ ಫ್ರಾಂಕಿ ಡೆಟೋರಿಗೆ ಅಜಾಗರೂಕ ಸವಾರಿಗಾಗಿ ಒಂದು ತಿಂಗಳ ಅಮಾನತು, 20,000 ಆಸ್ಟ್ರೇಲಿಯನ್ ಡಾಲರ್ ದಂಡ. 2019ರಲ್ಲಿ ಅದೇ ಕಪ್‌ನಲ್ಲಿ ಅವರ ಕುದುರೆ ಮಾಸ್ಟರ್ ಆಫ್ ರಿಯಾಲಿಟಿಯನ್ನು ಎರಡನೇ ಸ್ಥಾನದಿಂದ ನಾಲ್ಕನೆಯದಕ್ಕೆ ಇಳಿಸಿ, ಅವರನ್ನು ಮತ್ತೆ ಅಮಾನತು ಮಾಡಲಾಯಿತು.

ಶಿಕ್ಷೆಯ ಮೊನೆ ಮೊಂಡಾಗುವ ಬಗೆಯನ್ನು ಫ್ರಾನ್ಸ್ ತೋರಿಸಿಕೊಟ್ಟಿತು. 2022ರ ಸೆಪ್ಟೆಂಬರ್ 30ರಂದು ಸೇಂಟ್ ಕ್ಲೌಡ್‌ನಲ್ಲಿ ಕ್ರಿಸ್ಟಫ್ ಸುಮಿಯೋ ಓಡುವ ಕುದುರೆಯ ಮೇಲಿಂದಲೇ ಪಕ್ಕದ ಜಾಕಿ ರೊಸ್ಸಾ ರಯನ್ ಅವರನ್ನು ಮೊಣಕೈಯಿಂದ ತಳ್ಳಿ ಕೆಳಗೆ ಬೀಳಿಸಿದರು. ಅದೃಷ್ಟಕ್ಕೆ ರಯನ್‌ಗೆ ಗಾಯವಾಗಲಿಲ್ಲ. ಶಿಕ್ಷೆ 60 ದಿನ. ಆದರೆ ಅದು ಕೂಡಲೇ ಜಾರಿಗೆ ಬರಲಿಲ್ಲ. ಎರಡು ದಿನ ಕಳೆದು ಯೂರೋಪಿನ ಅತಿ ದೊಡ್ಡ ರೇಸಾದ ಆರ್ಕ್‌ನಲ್ಲಿ ಸುಮಿಯೋ ಸವಾರಿ ಮಾಡಿ ಎರಡನೆಯವರಾಗಿ ಬಂದರು. ಅವರೊಂದಿಗಿನ ಒಪ್ಪಂದವನ್ನು ಆಗಾ ಖಾನ್ ಅವರ ಲಾಯ ಕೊನೆಗೊಳಿಸಿತು. ಆಡಳಿತ ಕೊಟ್ಟ ಸಂದೇಶಕ್ಕಿಂತ ಮಾಲೀಕರು ಕೊಟ್ಟ ಸಂದೇಶವೇ ಗಟ್ಟಿಯಾಗಿತ್ತು. ದೊಡ್ಡ ರೇಸನ್ನು ತಪ್ಪಿಸದ ಅಮಾನತು ದೊಡ್ಡ ಜಾಕಿಗೆ ತಟ್ಟುವುದಿಲ್ಲ.

ಸ್ಟೀವರ್ಡ್‌ಗಳ ಕೋಣೆಯಿಂದ ನ್ಯಾಯಾಲಯಕ್ಕೆ

ಈ ಹಿನ್ನೋಟದಲ್ಲಿ ಅತ್ಯಂತ ಭಾರವಾದ ಪುಟಗಳು ಬ್ರಿಟನ್ನಿನ ಎರಡು ಮೊಕದ್ದಮೆಗಳು.

1994ರ ಸೆಪ್ಟೆಂಬರ್‌ನಲ್ಲಿ ಹೆಕ್ಸಮ್‌ನಲ್ಲಿ ಬಿದ್ದ ಪೀಟರ್ ಕಾಲ್ಡ್‌ವೆಲ್ ಅವರ ಸವಾರಿ ಬದುಕು ಅಲ್ಲಿಗೇ ಮುಗಿಯಿತು. ಅದೇ ಓಟದಲ್ಲಿದ್ದ ಏಡ್ರಿಯನ್ ಮಗ್ವಾಯರ್ ಮತ್ತು ಮಿಕ್ ಫಿಟ್ಜ್‌ಜೆರಾಲ್ಡ್ ಅವರದು ಅಜಾಗರೂಕ ಸವಾರಿ ಎಂದು ಸ್ಟೀವರ್ಡ್‌ಗಳು ತೀರ್ಮಾನಿಸಿ ಮೂರು ಮೂರು ದಿನ ಅಮಾನತು ಮಾಡಿದರು. ಕಾಲ್ಡ್‌ವೆಲ್ ಪರಿಹಾರ ಕೇಳಿದಾಗ 2001ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ವಾದವನ್ನು ಒಪ್ಪಲಿಲ್ಲ. ಓಟದ ಬಿಸಿಯಲ್ಲಿ ಆಗುವ ಕ್ಷಣದ ತಪ್ಪನ್ನು ಕಾನೂನಿನ ನಿರ್ಲಕ್ಷ್ಯ ಎನ್ನಲಾಗದು, ಅದಕ್ಕಿಂತ ಹೆಚ್ಚಿನದು ಸಾಬೀತಾಗಬೇಕು ಎಂಬುದು ತೀರ್ಪಿನ ಸಾರ. ರೇಸಿನ ನಿಯಮ ಮುರಿದದ್ದೂ ಕಾನೂನಿನ ಹೊಣೆಯೂ ಒಂದೇ ಅಲ್ಲ ಎಂದು ಅದು ಸ್ಪಷ್ಟಪಡಿಸಿತು.

2016ರ ಅಕ್ಟೋಬರ್ 31ರಂದು ಕೆಂಪ್ಟನ್ ಪಾರ್ಕ್‌ನಲ್ಲಿ ನಾಲ್ಕು ಕುದುರೆಗಳು ಒಂದರ ಮೇಲೊಂದು ಉರುಳಿದವು. ಫ್ರೆಡಿ ಟೈಲಿಕಿ ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಅಂದಿನ ವಿಚಾರಣೆಯಲ್ಲಿ ಸ್ಟೀವರ್ಡ್‌ಗಳು ಅದನ್ನು ಆಕಸ್ಮಿಕ ಎಂದರು. ಟೈಲಿಕಿ ಒಳಬದಿಯಿಂದ ಬರುತ್ತಿದ್ದಾಗ ಗ್ರಹಾಂ ಗಿಬನ್ಸ್ ತಮ್ಮ ಕುದುರೆಯನ್ನು ಅವರ ದಾರಿಗೆ ತಂದರು ಎಂಬುದು ಮೊಕದ್ದಮೆಯ ತಿರುಳು. ಐದು ವರ್ಷಗಳ ಬಳಿಕ, 2021ರ ಡಿಸೆಂಬರ್‌ನಲ್ಲಿ, ಲಂಡನ್ನಿನ ಹೈಕೋರ್ಟ್ ಅದೇ ಚಿತ್ರಗಳನ್ನು ನೋಡಿ, ಸವಾರರ ಸಾಕ್ಷ್ಯ ಕೇಳಿ, ಇದು ಕ್ಷಣದ ತಪ್ಪಲ್ಲ, ಸಹಸವಾರನ ಸುರಕ್ಷೆಯ ಬಗ್ಗೆ ತೋರಿದ ದುಡುಕಿನ ಉಪೇಕ್ಷೆ ಎಂದು ತೀರ್ಪು ಕೊಟ್ಟಿತು.

ಮೊದಲ ಪ್ರಕರಣದಲ್ಲಿ ಸ್ಟೀವರ್ಡ್‌ಗಳು ತಪ್ಪು ಕಂಡರು, ನ್ಯಾಯಾಲಯ ಹೊಣೆ ಕಾಣಲಿಲ್ಲ. ಎರಡನೆಯದರಲ್ಲಿ ಸ್ಟೀವರ್ಡ್‌ಗಳು ತಪ್ಪೇ ಇಲ್ಲವೆಂದರು, ನ್ಯಾಯಾಲಯ ಗಂಭೀರ ಹೊಣೆ ಕಂಡಿತು. ಮುಂದಿನ ರೇಸಿನ ಗಡಿಬಿಡಿಯಲ್ಲಿ ನಡೆಯುವ ವಿಚಾರಣೆಗೆ ಪಂದ್ಯದ ಫಲಿತಾಂಶ ತೀರ್ಮಾನಿಸುವ ಸಾಮರ್ಥ್ಯವಿದೆ. ಒಬ್ಬನ ಬದುಕು ಮುರಿದ ಘಟನೆಯನ್ನು ತೂಗುವ ಪುರುಸೊತ್ತು ಅದಕ್ಕಿಲ್ಲ. ಸವಾರ ಬಿದ್ದು ಗಂಭೀರವಾಗಿ ಗಾಯಗೊಂಡ ಪ್ರತಿಯೊಂದು ಪ್ರಕರಣವೂ ಅದೇ ದಿನ ಮುಚ್ಚಿಹೋಗದೆ, ಬಿಡುವಾಗಿ ಕೂತು ನೋಡುವ ಸ್ವತಂತ್ರ ಮಂಡಳಿಯ ಮುಂದೆ ಬರಬೇಕು.

ನಮ್ಮ ಟ್ರ್ಯಾಕುಗಳಿಗೆ ಇದರ ಪಾಠ

ಕರ್ನಾಟಕದಲ್ಲಿ ಎರಡು ರೇಸ್‌ಕೋರ್ಸ್‌ಗಳಿವೆ: ಬೆಂಗಳೂರಿನ ನಡುಮಧ್ಯದಲ್ಲಿ ಒಂದು, ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಬುಡದಲ್ಲಿ ಇನ್ನೊಂದು. ನಮ್ಮಲ್ಲಿ ರೇಸಿನ ಕುರಿತು ಸಾರ್ವಜನಿಕ ಮಾತೆಲ್ಲ ಬೆಟ್ಟಿಂಗ್, ತೆರಿಗೆ, ನಗರದ ಜಾಗ ಇವುಗಳ ಸುತ್ತಲೇ ಸುತ್ತುತ್ತದೆ. 2024ರಲ್ಲಿ ಬೆಂಗಳೂರಿನ ರೇಸಿಗೆ ಸರ್ಕಾರ ಪರವಾನಗಿ ನಿರಾಕರಿಸಿ ವಿಷಯ ಹೈಕೋರ್ಟ್ ಮೆಟ್ಟಿಲೇರಿದಾಗಲೂ ಚರ್ಚೆ ನಡೆದದ್ದು ಬಾಜಿಯ ಬಗ್ಗೆಯೇ. ಸವಾರನ ಸುರಕ್ಷೆ ಆ ಚರ್ಚೆಯಲ್ಲಿ ಜಾಗ ಪಡೆಯಲಿಲ್ಲ.

ಆದರೆ ಭಾರತದಲ್ಲಿ ರೇಸು ನ್ಯಾಯಸಮ್ಮತವಾಗಿ ನಿಂತಿರುವುದೇ ಸವಾರನ ಕೌಶಲವನ್ನು ಆಧರಿಸಿ. 1996ರ ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಅದೃಷ್ಟದ ಆಟವಲ್ಲ, ಮುಖ್ಯವಾಗಿ ಕೌಶಲದ ಆಟ ಎಂದಿತು. ಕುದುರೆಯ ತರಬೇತಿಯ ಜೊತೆಗೆ ಜಾಕಿಯ ನೈಪುಣ್ಯವನ್ನೂ ಅದಕ್ಕೆ ಆಧಾರವಾಗಿ ಪರಿಗಣಿಸಿತು. ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡರೆ ಅಜಾಗರೂಕ ಸವಾರಿ ಸಣ್ಣ ಶಿಸ್ತುಭಂಗವಲ್ಲ, ಆಟದ ಅಡಿಪಾಯಕ್ಕೇ ಬೀಳುವ ಪೆಟ್ಟು.

ನಮ್ಮ ಕ್ಲಬ್ಬುಗಳಲ್ಲಿ ಸ್ಟೀವರ್ಡ್‌ಗಳಿದ್ದಾರೆ, ಸಂಬಳದ ಸ್ಟೈಪೆಂಡಿಯರಿ ಸ್ಟೀವರ್ಡ್‌ಗಳಿದ್ದಾರೆ, ಕ್ಯಾಮೆರಾಗಳಿವೆ, ಮೇಲ್ಮನವಿಗೆ ಅವಕಾಶವಿದೆ. ಕಟ್ಟಡ ಸಿದ್ಧವಾಗಿಯೇ ಇದೆ. ಅದರೊಳಗಿನ ಆದ್ಯತೆಗಳನ್ನು ಬದಲಿಸಬೇಕು. ತೀರ್ಪಿನಲ್ಲಿ ‘ಇಂತಿಷ್ಟು ದಿನ ಅಮಾನತು’ ಎಂಬ ಸಾಲು ಸಾಲದು. ಯಾವ ತಿರುವಿನಲ್ಲಿ ಏನಾಯಿತು, ಸವಾರ ಏನು ಮಾಡಬಹುದಿತ್ತು, ಏನು ಮಾಡಲಿಲ್ಲ, ಅಪಾಯದ ಮಟ್ಟ ಎಷ್ಟು ಎಂಬುದು ಎಳೆಯ ಜಾಕಿಗೂ ಅರ್ಥವಾಗುವಂತೆ ಕನ್ನಡದಲ್ಲೂ ಬರೆದಿರಬೇಕು. ತೂಕದ ರಿಯಾಯಿತಿಯ ಮೇಲೆ ಸವಾರಿ ಮಾಡುವ ಅಪ್ರೆಂಟಿಸ್ ಹುಡುಗರಲ್ಲಿ ಅನೇಕರು ಬಡತನದಿಂದ ಬಂದವರು. ಒಂದು ಗೆಲುವಿಗಾಗಿ ಹಸಿದವರು. ಅವರ ಮೊದಲ ತಪ್ಪಿಗೆ ಅಮಾನತಿನ ಜೊತೆಗೆ ಚಿತ್ರ ತೋರಿಸಿ ತಿದ್ದುವ ಪಾಠವೂ ಸೇರಿರಬೇಕು. ಅನುಭವಿ ಜಾಕಿ ಅದೇ ತಪ್ಪನ್ನು ಮತ್ತೆ ಮಾಡಿದರೆ ಅಮಾನತು ಡರ್ಬಿಯ ದಿನವನ್ನೂ ಒಳಗೊಳ್ಳಬೇಕು, ಮುಂದೂಡುವ ಅವಕಾಶವಿರಬಾರದು. ‘ಹೇಗಾದರೂ ಸಂದು ಮಾಡಿಕೊಂಡು ನುಗ್ಗು’ ಎಂದು ಕಿವಿಯಲ್ಲಿ ಹೇಳಿ ಕಳಿಸುವ ತರಬೇತುದಾರನನ್ನೂ ವಿಚಾರಣೆಗೆ ಕರೆಯಬೇಕು.

ನಿಯಮ ಬಿಗಿಯಾದರೆ ರೇಸು ಸಪ್ಪೆಯಾಗುತ್ತದೆ, ಜಾಕಿಗಳು ಹಿಂಜರಿಯುತ್ತಾರೆ ಎಂಬ ಆಕ್ಷೇಪ ಬಹಳ ಕಾಲದ್ದು. ಧೈರ್ಯಕ್ಕೂ ಅಜಾಗರೂಕತೆಗೂ ಇರುವ ಅಂತರವನ್ನು ಜಾಕಿಗಳಷ್ಟು ಚೆನ್ನಾಗಿ ಬಲ್ಲವರು ಬೇರಾರೂ ಇಲ್ಲ. ತೆರೆದ ಸಂದಿಗೆ ನುಗ್ಗುವುದು ಧೈರ್ಯ. ಮುಚ್ಚುತ್ತಿರುವ ಸಂದಿಗೆ ಇನ್ನೊಬ್ಬನ ಪ್ರಾಣವನ್ನು ಒತ್ತೆಯಿಟ್ಟು ನುಗ್ಗುವುದು ಧೈರ್ಯವಲ್ಲ.

ಬೆಳಗ್ಗೆ ಕೆಂಪು ದೀಪ ದಾಟಿದ ಚಾಲಕ ಯಾರಿಗೂ ಗುದ್ದಲಿಲ್ಲವೆಂದು ಅವನ ತಪ್ಪು ಕಿರಿದಾಗುವುದಿಲ್ಲ; ಸಂಜೆ ಅದೇ ತಪ್ಪಿಗೆ ಯಾರಾದರೂ ಬಲಿಯಾದರು ಎಂದು ಅದು ಹೊಸದಾಗಿ ಹುಟ್ಟುವುದೂ ಇಲ್ಲ. ರೇಸಿನ ಆಡಳಿತ ಕಲಿಯಬೇಕಾದ ಪಾಠ ಇದು. 1913ರಿಂದ ಇಲ್ಲಿಯವರೆಗೆ ಸ್ಟೀವರ್ಡ್‌ಗಳು ಗೆಲುವಿನ ಪ್ರಶ್ನೆಗೆ ಉತ್ತರ ಹುಡುಕುತ್ತ ಬಂದಿದ್ದಾರೆ. ಅದಕ್ಕೆ ಬೇಕಾದ ಸಾಧನಗಳೆಲ್ಲ ಈಗ ಅವರ ಕೈಯಲ್ಲಿವೆ. ಅವೇ ಸಾಧನಗಳಿಂದ ಇನ್ನು ಮುಂದೆ ಅಪಾಯವನ್ನು ಅಳೆಯಬೇಕು. ಯಾರೂ ಬೀಳದ ದಿನವೂ, ಫಲಿತಾಂಶ ಕೂದಲೆಳೆಯಷ್ಟೂ ಬದಲಾಗದ ದಿನವೂ, ಸಹಸವಾರನ ಜೀವವನ್ನು ಲೆಕ್ಕಿಸದೆ ಅಡ್ಡ ಬಂದವನಿಗೆ ತಕ್ಕ ಶಿಕ್ಷೆಯಾಗಬೇಕು. ಬೆಂಗಳೂರು ಮತ್ತು ಮೈಸೂರಿನ ಕ್ಲಬ್ಬುಗಳು ಈ ಕ್ರಮವನ್ನು ದೇಶದಲ್ಲಿ ಮೊದಲು ಜಾರಿಗೆ ತರಲಿ ಎಂದು ಒತ್ತಾಯಿಸುತ್ತೇವೆ.